ಕಾರಿಲ್ಲದೆ ಇಂಗ್ಲೆಂಡಿನ ಹಳ್ಳಿಗಾಡು: ದೂರದ ನಿಲ್ದಾಣದಿಂದ ಮನೆಯ ಕಡೆಗೆ ನಡೆಯುವ ಕ್ರಮ

ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ನೆಲೆಸಿದವರು ವಾರಾಂತ್ಯದಲ್ಲಿ ಹಳ್ಳಿಗಾಡು ನೋಡಬೇಕಾದರೆ ಕಾರು ಇಟ್ಟುಕೊಳ್ಳಲೇಬೇಕು ಎಂಬುದು ಇಲ್ಲಿನ ನಮ್ಮ ಕನ್ನಡ ಬಳಗದಲ್ಲಿ ಯಾರೂ ಪ್ರಶ್ನಿಸದ ಮಾತಾಗಿತ್ತು. ಇಬ್ಬರು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ರೈಲಿನಲ್ಲಿ ಹೋಗಿ, ಹೊಲಗದ್ದೆಗಳ ನಡುವೆ ನಡೆದು, ಸಂಜೆಯೊಳಗೆ ಮನೆ ಸೇರುತ್ತೇನೆ ಎಂದು ನಾನು ಹೇಳಿದಾಗ, ಬಹುಕಾಲದ ಗೆಳೆಯರೊಬ್ಬರು "ಅದೆಲ್ಲ ಆಗುವ ಮಾತಲ್ಲ ಮಾರಾಯ, ಎರಡು ವಾರ ಹೋಗುತ್ತೀಯ, ಮೂರನೆಯ ವಾರ ಕಾರು ನೋಡಲು ಹೊರಡುತ್ತೀಯ" ಎಂದಿದ್ದರು. ಅದಾಗಿ ಸುಮಾರು ಮೂರು ವರ್ಷ ಕಳೆದಿದೆ. ನಾನು ಕಾರು ಕೊಂಡಿಲ್ಲ. ಮಳೆ ತೀರ ಜೋರಾಗಿರದ ಬಹುಪಾಲು ಶನಿವಾರಗಳಲ್ಲಿ ನಮ್ಮ ಮನೆಗೆ ಬೀಗ ಬಿದ್ದಿರುತ್ತದೆ. ಈ ನಾಡಿನಲ್ಲಿರುವ ನಮ್ಮವರಿಗೆ ರೈಲ್‌ಕಾರ್ಡ್ (ಟಿಕೆಟ್ಟಿಗೆ ರಿಯಾಯಿತಿ ಕೊಡುವ ಕಾರ್ಡ್), ನಕ್ಷೆ, ಬೂಟುಗಳ ಬಗ್ಗೆ ಮೊದಲಿನಿಂದ ಹೇಳಬೇಕಾಗಿಲ್ಲ. ಆದ್ದರಿಂದ ಕೆಲಸಕ್ಕೆ ಬಂದದ್ದು ಯಾವುದು, ಬಾರದೆ ಹೋದದ್ದು ಯಾವುದು, ಹಣ ಎಲ್ಲಿ ಸೋರಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು ನಾವು ಬಾಡಿಗೆ ಕಾರನ್ನೇ ಪ್ರಯತ್ನಿಸಿದ್ದೆವು. ಕಾಟ್ಸ್‌ವೋಲ್ಡ್ ಪ್ರದೇಶಕ್ಕೆ ಒಂದು ದಿನ ಹೋಗಿಬರಲು ಬಾಡಿಗೆ, ಹೆಚ್ಚುವರಿ ವಿಮೆ, ಪೆಟ್ರೋಲ್, ಪಾರ್ಕಿಂಗ್ ಎಲ್ಲ ಸೇರಿ ನೂರಿಪ್ಪತ್ತು ಪೌಂಡಿನ ಆಸುಪಾಸು ತಗುಲಿತು. ಬೋರ್ಟನ್-ಆನ್-ದ-ವಾಟರ್ ಎಂಬ ಹಳ್ಳಿ ಚಂದವೇ; ಆದರೆ ಬೇಸಿಗೆಯ ಶನಿವಾರ ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಿದ ಹೊತ್ತು, ಆ ಪುಟ್ಟ ಹೊಳೆಯ ದಂಡೆಯಲ್ಲಿ ಕುಳಿತ ಹೊತ್ತಿಗಿಂತ ಹೆಚ್ಚಾಯಿತು. ಆಮೇಲೆ ಕೋಚ್ ಎನ್ನುವ ಪ್ರವಾಸಿ ಬಸ್ಸಿನಲ್ಲಿ ಪ್ರವಾಸ. ಒಂದೊಂದು ಹಳ್ಳಿಗೆ ಮುಕ್ಕಾಲು ಗಂಟೆ ಕೊಟ್ಟರು. ಇಳಿದು ಚಹಾ ಕುಡಿದು ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯುವಷ್ಟರಲ್ಲಿ ಹತ್ತುವ ಹೊತ್ತಾಗುತ್ತಿತ್ತು. ಬಳಿಕ ಬಸ್ಸು. ದರಕ್ಕೆ ಮಿತಿ ಹಾಕಿದ್ದರಿಂದ, ಮೊದಲು 2 ಪೌಂಡಿಗೆ, 2025ರ ಜನವರಿಯಿಂದ 3 ಪೌಂಡಿಗೆ, ಇಂಗ್ಲೆಂಡಿನ ಹಳ್ಳಿ ಬಸ್ಸು ಹಣದ ದೃಷ್ಟಿಯಿಂದ ನಿಜಕ್ಕೂ ಅಗ್ಗ. ಆದರೆ ಹಲವು ದಾರಿಗಳಲ್ಲಿ ಕೊನೆಯ ಬಸ್ಸು ಸಂಜೆಗೆ ಮುಂಚೆಯೇ ಹೊರಟುಹೋಗುತ್ತದೆ, ಭಾನುವಾರ ಬಸ್ಸೇ ಇರುವುದಿಲ್ಲ. ಒಮ್ಮೆ ವೇಳಾಪಟ್ಟಿಯಲ್ಲಿದ್ದ ಬಸ್ಸು ಬರಲೇ ಇಲ್ಲ. ಹತ್ತಿರದ ಪಟ್ಟಣದಿಂದ ಟ್ಯಾಕ್ಸಿ ಕರೆಸಿಕೊಂಡು ನಲವತ್ತೈದು ಪೌಂಡು ಕೊಟ್ಟೆವು. ಅಂದಿನಿಂದ ಮರಳುವ ದಾರಿಯನ್ನು ಬಸ್ಸಿಗೆ ಒಪ್ಪಿಸುವುದನ್ನು ಬಿಟ್ಟೆ.

ಮುಂದಿನ ಪ್ರಯತ್ನವೇ ನನಗೆ ದಾರಿ ತೋರಿಸಿದ್ದು. ಮಾರ್ಗದರ್ಶಿ ಕೈಪಿಡಿಗಳಲ್ಲಿ ಬಹುಪಾಲು ನಡಿಗೆಗಳು ಹೊರಟಲ್ಲಿಗೇ ಮರಳುವ ಸುತ್ತುದಾರಿಗಳು, ಏಕೆಂದರೆ ನಿಲ್ಲಿಸಿದ ಕಾರಿನ ಬಳಿಗೇ ಬಂದು ಸೇರಬೇಕು. ರೈಲಿನಲ್ಲಿ ಹೋಗಿ ಅದೇ ಸುತ್ತನ್ನು ಹಾಕಿದರೆ, ಮಕ್ಕಳು ದಣಿಯುವ ಹೊತ್ತಿಗೆ, ಅಂದರೆ ಅರ್ಧ ದಾರಿಯಲ್ಲಿ, ನಾವು ನಿಲ್ದಾಣದಿಂದ ಅತ್ಯಂತ ದೂರದಲ್ಲಿ ಇರುತ್ತೇವೆ. ಮುಂದಕ್ಕೂ ಅಷ್ಟೇ, ಹಿಂದಕ್ಕೂ ಅಷ್ಟೇ. ಹಾಗಾದರೆ ಎರಡು ನಿಲ್ದಾಣಗಳ ನಡುವೆ ನಡೆಯೋಣ ಎಂದು ಹತ್ತಿರದ ನಿಲ್ದಾಣದಲ್ಲಿ ಇಳಿದು ದೂರದ ನಿಲ್ದಾಣದ ಕಡೆಗೆ ನಡೆದೆವು. ಆಗ ಇನ್ನೊಂದು ತೊಂದರೆ ಎದುರಾಯಿತು: ನಡೆದಷ್ಟೂ ಮನೆ ದೂರವಾಗುತ್ತಿತ್ತು, ದೂರದ ನಿಲ್ದಾಣ ತಲುಪಲೇಬೇಕೆಂಬ ಒತ್ತಡ ತಪ್ಪುತ್ತಿರಲಿಲ್ಲ, ದಣಿದ ಮಕ್ಕಳೊಂದಿಗೆ ಸಂಜೆಯ ರೈಲು ಪ್ರಯಾಣ ಇನ್ನೂ ಉದ್ದವಾಗುತ್ತಿತ್ತು.

ಅದನ್ನು ತಿರುಗಿಸಿದ್ದೇ ನನ್ನ ಕ್ರಮ. ಬೆಳಿಗ್ಗೆ ಮೈಯಲ್ಲಿ ಹುರುಪು ಇರುವಾಗ ಆ ಮಾರ್ಗದ ದೂರದ ನಿಲ್ದಾಣಕ್ಕೆ ಹೋಗಿ ಇಳಿಯಬೇಕು. ಅಲ್ಲಿಂದ ರೈಲು ಹಳಿಗೆ ಸಮೀಪದಲ್ಲೇ ಸಾಗುವ ಕಾಲುದಾರಿ ಹಿಡಿದು ಮನೆಯ ಕಡೆಗೆ ನಡೆಯಬೇಕು. ದೂರದ ನಿಲ್ದಾಣಕ್ಕೆ ಕೊಂಡ ಆಫ್-ಪೀಕ್ ರಿಟರ್ನ್ (ದಟ್ಟಣೆಯಿಲ್ಲದ ಹೊತ್ತಿನ, ಹೋಗಿಬರುವ) ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ ನಡುವಿನ ಯಾವ ನಿಲ್ದಾಣದಿಂದಲಾದರೂ ಹತ್ತಿ ಮರಳಬಹುದು. ಹೀಗಾಗಿ ದಾರಿಯಲ್ಲಿ ಸಿಗುವ ಪ್ರತಿಯೊಂದು ನಿಲ್ದಾಣಕ್ಕೂ ಟಿಕೆಟ್ಟು ಆಗಲೇ ಕೈಯಲ್ಲಿ ಇದ್ದಂತೆ. ಮಳೆ ಬಂದರೆ ಮೊದಲ ನಿಲ್ದಾಣದಲ್ಲಿ ಹತ್ತುತ್ತೇವೆ, ಹವೆ ಚೆನ್ನಾಗಿದ್ದರೆ ಎರಡನೆಯದರವರೆಗೂ ನಡೆಯುತ್ತೇವೆ. ಎಲ್ಲಿ ಮುಗಿಸುತ್ತೇವೆ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಬೇಕಾಗಿಲ್ಲ. ಅಗ್ಗವೆಂದು, ಒಂದು ನಿಗದಿತ ರೈಲಿಗೆ ಮುಂಗಡವಾಗಿ ಕೊಡುವ ಅಡ್ವಾನ್ಸ್ ಟಿಕೆಟ್ ಕೊಂಡರೆ ಮಾತ್ರ ಈ ಲೆಕ್ಕ ಕೂಡುವುದಿಲ್ಲ. ಅದರಲ್ಲಿ ನಡುವೆ ಹತ್ತುವ, ಇಳಿಯುವ ಅವಕಾಶವಿಲ್ಲ. ನಿಮ್ಮ ಟಿಕೆಟ್ಟಿಗೆ ಬೇರೆ ನಿರ್ಬಂಧವಿದೆಯೇ ಎಂಬುದನ್ನೂ ಕೊಳ್ಳುವಾಗಲೇ ಓದಿಕೊಳ್ಳಬೇಕು.

ಇದನ್ನು ಮೊದಲು ಪರೀಕ್ಷಿಸಿದ್ದು ಗೋರಿಂಗ್‌ನಿಂದ ಪ್ಯಾಂಗ್‌ಬರ್ನ್‌ವರೆಗಿನ ನಾಲ್ಕೂವರೆ ಮೈಲಿಯಷ್ಟರ ಥೇಮ್ಸ್ ದಾರಿಯಲ್ಲಿ. ಚಿಲ್ಟರ್ನ್ ಬೆಟ್ಟಗಳಿಗೂ ಬರ್ಕ್‌ಷೈರ್ ಡೌನ್ಸ್ ಗುಡ್ಡಗಳಿಗೂ ನಡುವೆ ನದಿ ಸೀಳಿಕೊಂಡು ಹೋಗುವ ಜಾಗವದು. ಗೋರಿಂಗ್ ಲಾಕ್‌ನಿಂದ (ಲಾಕ್ ಎಂದರೆ ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಗಳ ಕಟ್ಟೆ) ಕೆಳಕ್ಕೆ ಎಡದಂಡೆಯಲ್ಲೇ ನಡೆದರೆ, ರೈಲ್ವೆ ಎಂಜಿನಿಯರ್ ಬ್ರೂನೆಲ್ ಕಟ್ಟಿಸಿದ ಗೇಟ್‌ಹ್ಯಾಂಪ್ಟನ್ ರೈಲು ಸೇತುವೆಯ ಇಟ್ಟಿಗೆ ಕಮಾನಿನ ಅಡಿಯಲ್ಲಿ ದಾರಿ ಹಾಯುತ್ತದೆ. ಮುಂದೆ ಹಾರ್ಟ್ಸ್‌ಲಾಕ್ ಕಾಡು. ಎಡಕ್ಕೆ ಸುಣ್ಣಕಲ್ಲಿನ ಕಡಿದಾದ ಇಳಿಜಾರು, ಬಲಕ್ಕೆ ಮರಗಳ ಸಂದಿಯಲ್ಲಿ ನದಿ. ಅಲ್ಲಿನ ರಕ್ಷಿತ ಹುಲ್ಲುಗಾವಲಿನಲ್ಲಿ ಮೇ ತಿಂಗಳಲ್ಲಿ ಮಂಕಿ ಆರ್ಕಿಡ್ ಎಂಬ ಅಪರೂಪದ ಹೂವು ಅರಳುತ್ತದೆ. ಗೊಂಚಲಿನ ಒಂದೊಂದು ಹೂವೂ ಕೈಕಾಲು ಚಾಚಿದ ಪುಟ್ಟ ಕೋತಿಯ ಆಕಾರದಲ್ಲಿ ಇರುವುದನ್ನು ನನ್ನ ಮಗಳು ಮೊಣಕಾಲೂರಿ ಬಹಳ ಹೊತ್ತು ನೋಡಿದಳು. ಕಾಡು ದಾಟಿದ ಮೇಲೆ ಒಂದು ಒಣ ಕಣಿವೆಗೆ ಮೆಟ್ಟಿಲಿಳಿದು ಮತ್ತೆ ಏರಬೇಕು. ಈ ನಡಿಗೆಯಲ್ಲಿ ಕಷ್ಟವೆಂದರೆ ಅದೊಂದೇ. ವಿಚ್‌ಚರ್ಚ್‌ನ ಸೇತುವೆಯಲ್ಲಿ ಕಾರುಗಳು ಇಂದಿಗೂ ಸುಂಕ ಕೊಟ್ಟು ದಾಟುತ್ತವೆ, ನಡೆಯುವವರಿಗೆ ಸುಂಕವಿಲ್ಲ. ಅದನ್ನು ದಾಟಿದರೆ ಪ್ಯಾಂಗ್‌ಬರ್ನ್ ನಿಲ್ದಾಣ. ಮಧ್ಯಾಹ್ನ ಮೂರಕ್ಕೆ ಮನೆಯಲ್ಲಿದ್ದೆವು, ನಾಲ್ವರಿಗೂ ಸೇರಿ ಹದಿನೈದು ಪೌಂಡಿನ ಸುತ್ತಮುತ್ತ ಖರ್ಚಾಗಿತ್ತು. ಈ ಕ್ರಮ ಕೆಲಸ ಮಾಡುತ್ತದೆ ಎಂಬ ಧೈರ್ಯ ನನಗೆ ಅಂದೇ ಬಂದಿತು.

ಆದರೆ ನಿಜವಾದ ಪರೀಕ್ಷೆ ಆದದ್ದು ಅಪ್ಪ, ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದಾಗ. ಅಪ್ಪನಿಗೆ ಎಪ್ಪತ್ತು ದಾಟಿದೆ, ಬಲ ಮೊಣಕಾಲು ನೋವು. ಇಲ್ಲಿಯವರು ಸ್ಟೈಲ್ ಎನ್ನುವ ಬೇಲಿ ಮೆಟ್ಟಿಲುಗಳನ್ನು ಹೊಲಹೊಲಕ್ಕೂ ಹತ್ತಿಳಿಯುವುದು ಅವರಿಂದ ಆಗದು. ಆದ್ದರಿಂದ ಕೆನೆಟ್ ಅಂಡ್ ಏವನ್ ಕಾಲುವೆಯ ದಂಡೆಯನ್ನು ಆರಿಸಿಕೊಂಡೆ. 1810ರಲ್ಲಿ ಪೂರ್ಣಗೊಂಡು, ರೈಲು ಬಂದ ಮೇಲೆ ಹಾಳುಬಿದ್ದು, ಸ್ವಯಂಸೇವಕರ ದೀರ್ಘ ದುಡಿಮೆಯಿಂದ 1990ರಲ್ಲಿ ಮತ್ತೆ ತೆರೆದ ಕಾಲುವೆಯಿದು. ದೋಣಿ ಎಳೆಯುವ ಕುದುರೆಗಳಿಗಾಗಿ ಮಾಡಿದ ದಂಡೆಯ ದಾರಿ ಬಹುತೇಕ ಮಟ್ಟಸವಾಗಿದೆ. ರೈಲು ಹಳಿ ಕಾಲುವೆಯ ಮಗ್ಗುಲಲ್ಲೇ ಸಾಗುತ್ತದೆ: ಬೆಡ್ವಿನ್‌ನಿಂದ ಹಂಗರ್‌ಫರ್ಡ್‌ಗೆ ಸುಮಾರು ಐದು ಮೈಲಿ, ಅಲ್ಲಿಂದ ಕಿಂಟ್‌ಬರಿಗೆ ಮೂರು, ಕಿಂಟ್‌ಬರಿಯಿಂದ ನ್ಯೂಬರಿಗೆ ಆರು. ನನ್ನ ಕ್ರಮಕ್ಕೆ ಇದಕ್ಕಿಂತ ಹೊಂದುವ ಮಾರ್ಗ ದಕ್ಷಿಣ ಇಂಗ್ಲೆಂಡಿನಲ್ಲಿ ಇನ್ನೊಂದು ಇದ್ದರೆ ಅದನ್ನು ನಾನು ಇನ್ನೂ ಕಂಡಿಲ್ಲ.

ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡಿನ ಪೂರ್ಣ ಪ್ರಯೋಜನ ತಿಳಿದದ್ದೂ ಆಗಲೇ. ನಮ್ಮ ಬಳಗದ ಹಲವರು ಅದನ್ನು ತಂದೆ, ತಾಯಿ, ಮಕ್ಕಳಿಗೆ ಮಾತ್ರ ಎಂದುಕೊಂಡಿದ್ದಾರೆ. ಒಂದೇ ಕಾರ್ಡಿನಲ್ಲಿ ನಾಲ್ವರು ದೊಡ್ಡವರು, ನಾಲ್ವರು ಮಕ್ಕಳು ಹೋಗಬಹುದು. ಐದರಿಂದ ಹದಿನೈದು ವರ್ಷದೊಳಗಿನ ಒಂದು ಮಗುವಾದರೂ ಜೊತೆಯಲ್ಲಿದ್ದರೆ ಸಾಕು. ದೊಡ್ಡವರಿಗೆ ಮೂರನೆಯ ಒಂದು ಭಾಗ, ಮಕ್ಕಳಿಗೆ ಶೇಕಡಾ 60 ರಿಯಾಯಿತಿ. ಊರಿನಿಂದ ಬಂದ ಅಜ್ಜ, ಅಜ್ಜಿಯೂ ಇದರಲ್ಲೇ ಬರುತ್ತಾರೆ. ಕಾರ್ಡಿನ ಬೆಲೆ ಈಗ 35 ಪೌಂಡು. ನಮಗೆ ಅದು ಎರಡು ಮೂರು ಶನಿವಾರಗಳಲ್ಲೇ ಹಿಂದಿರುಗಿತು.

ಆ ದಿನ ಹಂಗರ್‌ಫರ್ಡ್‌ಗೆ ಸ್ವಲ್ಪ ಮುಂಚೆ, ಜವುಗು ಹುಲ್ಲುಗಾವಲಿನ ನಡುವಿನ ಲಾಕ್ ಬಳಿ ಒಂದು ದೋಣಿ ಕೆಳಕ್ಕೆ ಇಳಿಯಲು ಕಾದಿತ್ತು. ಅಲ್ಲಿ ಲಾಕ್‌ನ ಮೇಲೆಯೇ ಒಂದು ತಿರುಗು ಸೇತುವೆಯಿದೆ. ಅದನ್ನು ಪಕ್ಕಕ್ಕೆ ಸರಿಸದೆ ದೋಣಿ ಒಳಗೆ ಬರಲಾರದು. ದೋಣಿಯ ಹೆಂಗಸು ನನ್ನ ಮಗನ ಕೈಗೆ ಕಬ್ಬಿಣದ ಹಿಡಿಯೊಂದನ್ನು ಕೊಟ್ಟು ತಿರುಗಿಸಲು ಹೇಳಿದರು. ಹಲ್ಲುಚಕ್ರ ಕಟಕಟನೆ ಸುತ್ತಿ ತಗ್ಗಿನ ಬಾಗಿಲ ತೂಬು ಮೇಲೆದ್ದಿತು, ಒಳಗಿನ ನೀರು ನೊರೆಯೆದ್ದು ಹೊರಕ್ಕೆ ನುಗ್ಗಿತು, ದೋಣಿ ಕಲ್ಲಿನ ಗೋಡೆಗಳ ನಡುವೆ ಮೆಲ್ಲಮೆಲ್ಲನೆ ಕೆಳಗಿಳಿಯಿತು. ಎರಡೂ ಕಡೆಯ ನೀರಿನ ಮಟ್ಟ ಸಮವಾಗುವವರೆಗೆ ಬಾಗಿಲ ತೊಲೆಯನ್ನು ಎಷ್ಟು ತಳ್ಳಿದರೂ ಅದು ಅಲುಗಲಿಲ್ಲ. ಸಮವಾದ ಕೂಡಲೇ ಮಗ ಬೆನ್ನು ಕೊಟ್ಟು ಒತ್ತಿದ್ದಕ್ಕೇ ತೆರೆದುಕೊಂಡಿತು. ಅಡಿಕೆ ತೋಟಕ್ಕೆ ಜೀವಮಾನವಿಡೀ ನೀರು ಹಾಯಿಸಿದ ಅಪ್ಪ ಅದನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದರು. ಮುಂದೆ ಇನ್ನೊಂದು ಬಾರಿ ಅವರನ್ನು ಬೆಡ್ವಿನ್‌ನಿಂದ ವಿರುದ್ಧ ದಿಕ್ಕಿಗೆ ಸುಮಾರು ಎರಡು ಮೈಲಿ ನಡೆಸಿಕೊಂಡು ಕ್ರಾಫ್ಟನ್‌ಗೆ ಕರೆದೊಯ್ದೆ. ಕಾಲುವೆಯ ಅತ್ಯಂತ ಎತ್ತರದ ಭಾಗಕ್ಕೆ ನೀರೆತ್ತಲು 1812ರಲ್ಲಿ ಕೂರಿಸಿದ ಬೋಲ್ಟನ್ ಅಂಡ್ ವಾಟ್ ಹಬೆಯಂತ್ರ ಅಲ್ಲಿ ತನ್ನ ಮೂಲ ಜಾಗದಲ್ಲಿಯೇ ಇದ್ದು ಇಂದಿಗೂ ನೀರೆತ್ತಬಲ್ಲದು. ಹಬೆ ಹಾಕುವ ವಾರಾಂತ್ಯ ನೋಡಿಕೊಂಡು ಹೋಗುವುದು ಒಳ್ಳೆಯದು.

ಅಪ್ಪ ತುಂಬ ಹೊತ್ತು ನಿಂತ ಇನ್ನೊಂದು ಜಾಗ ಬೇಲಿಯ ಬಳಿ. ಚಳಿಗಾಲದ ಕೊನೆಗೆ ಕಿಂಟ್‌ಬರಿಯ ಆಚೆ ಒಬ್ಬರು ಹಾಥಾರ್ನ್ ಮುಳ್ಳುಗಿಡಗಳ ಬೇಲಿ ಹೆಣೆಯುತ್ತಿದ್ದರು. ಪ್ರತಿ ಕಾಂಡವನ್ನೂ ಬುಡದ ಬಳಿ ಓರೆಯಾಗಿ, ತೊಗಟೆಯ ಒಂದು ತೆಳು ಪಟ್ಟಿ ಉಳಿಯುವಷ್ಟು ಆಳಕ್ಕೆ ಕತ್ತಿಯಿಂದ ಕಡಿದು, ಒಂದೇ ದಿಕ್ಕಿಗೆ ಬಾಗಿಸಿ ಮಲಗಿಸುತ್ತಿದ್ದರು. ನಡುನಡುವೆ ನೆಟ್ಟ ಗೂಟಗಳು ಅವನ್ನು ಹಿಡಿದು ನಿಲ್ಲಿಸುತ್ತಿದ್ದವು. ಆ ತೆಳು ಪಟ್ಟಿಯಲ್ಲಿಯೇ ರಸ ಹರಿದು, ಮಲಗಿದ ಕಾಂಡದಿಂದಲೂ ಕಡಿದ ಬುಡದಿಂದಲೂ ವಸಂತದಲ್ಲಿ ಚಿಗುರು ನೇರವಾಗಿ ಮೇಲೇಳುತ್ತದೆ, ದನ ನುಗ್ಗದಷ್ಟು ದಟ್ಟವಾಗುತ್ತದೆ. ಹಕ್ಕಿಗಳು ಗೂಡು ಕಟ್ಟುವ ಮಾರ್ಚಿಗೆ ಮುಂಚೆಯೇ ಈ ಕೆಲಸ ಮುಗಿಸಬೇಕು. ಅಪ್ಪ ಊರಿಗೆ ಮರಳಿದ ಮೇಲೆ ತೋಟದ ಅಂಚಿನ ಲಕ್ಕಿ ಗಿಡಗಳ ಮೇಲೆ ಇದನ್ನು ಮಾಡಿ ನೋಡಿದ್ದಾರೆ, ಅರ್ಧದಷ್ಟು ಹಿಡಿದಿವೆಯಂತೆ.

ಪಶ್ಚಿಮದ ಮಾರ್ಗಗಳನ್ನು ನಾನು ಆರಿಸುವುದಕ್ಕೆ ಟಿಕೆಟ್ಟಿನ ಜೊತೆಗೆ ಇನ್ನೊಂದು ಕಾರಣವಿದೆ. ಈ ನಾಡಿನಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ರೆಡಿಂಗ್‌ನವರು ಪಶ್ಚಿಮಕ್ಕೆ ಹೋಗಿ ಪೂರ್ವಕ್ಕೆ ನಡೆದರೆ ಗಾಳಿ, ಮಳೆ ಎರಡೂ ಬೆನ್ನಿಗೆ. ಫೆಬ್ರವರಿಯಲ್ಲಿ ಮಕ್ಕಳ ಮುಖಕ್ಕೆ ಮಳೆ ಹೊಡೆಯದಿದ್ದರೆ ಎರಡು ಮೈಲಿ ಹೆಚ್ಚಾಗಿಯೇ ನಡೆಯುತ್ತಾರೆ. ಕಾಲುವೆಯೂ ಕ್ರಾಫ್ಟನ್‌ನಿಂದ ರೆಡಿಂಗ್‌ವರೆಗೆ ಇಳಿಯುತ್ತಲೇ ಬರುತ್ತದೆ. ಇದಕ್ಕೆ ವಿರುದ್ಧವಾದದ್ದು ರೆಡಿಂಗ್‌ನ ಆಗ್ನೇಯಕ್ಕಿರುವ ಸರ್ರಿಯ ಕಡೆಯ ಮಾರ್ಗ. ಡಾರ್ಕಿಂಗ್‌ನಲ್ಲಿ ಇಳಿದು ನಾರ್ತ್ ಡೌನ್ಸ್ ಗುಡ್ಡಸಾಲಿನ ಏಣಿನಲ್ಲಿ ಗೋಮ್‌ಶಾಲ್ ಕಡೆಗೆ ನಡೆದರೆ ಟಿಕೆಟ್ಟಿನ ಲೆಕ್ಕ ಕೂಡುತ್ತದೆ, ಗಾಳಿ ಮಾತ್ರ ಎದುರಾಗುತ್ತದೆ. ಮೇಲಾಗಿ ಗೋಮ್‌ಶಾಲ್‌ನಲ್ಲಿ ರೈಲುಗಳು ಬಹಳ ವಿರಳ. ಆ ದಾರಿಯನ್ನು ನಾವು ಜೂನ್, ಜುಲೈಗೆ ಮೀಸಲಿಟ್ಟಿದ್ದೇವೆ.

ನಕ್ಷೆಗೆ ಹಣ ಉಳಿಸಬಾರದು. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ, ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್ ನಕ್ಷೆಗಳಲ್ಲಿ 158 ಮತ್ತು 159 ನನ್ನ ಕಾಲುವೆಯ ಬಹುಭಾಗವನ್ನು ಒಳಗೊಳ್ಳುತ್ತವೆ. ಅದರಲ್ಲಿ ಹಸಿರು ಗೀರುಗಳನ್ನೇ ನಂಬಬೇಕು. ಕಪ್ಪು ಗೀರು ನೆಲದ ಮೇಲೆ ದಾರಿ ಇದೆ ಎನ್ನುತ್ತದೆಯೇ ಹೊರತು ನಡೆಯುವ ಹಕ್ಕಿದೆ ಎನ್ನುವುದಿಲ್ಲ. ಈ ಹಸಿರು ಗೀರುಗಳು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 1,40,000 ಮೈಲಿಗಳಷ್ಟಿವೆ. ಖಾಸಗಿ ಹೊಲದ ನಡುವೆ, ಕೆಲವೊಮ್ಮೆ ಮನೆಯಂಗಳದಲ್ಲಿಯೇ, ಯಾರನ್ನೂ ಕೇಳದೆ ನಡೆದುಹೋಗುವ ಈ ಹಕ್ಕನ್ನು ಜನ ಹೋರಾಡಿ ಉಳಿಸಿಕೊಂಡಿದ್ದಾರೆ. 1932ರಲ್ಲಿ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನುಗ್ಗಿದ ಕಾರ್ಮಿಕರಲ್ಲಿ ಕೆಲವರು ಜೈಲಿಗೂ ಹೋದರು. 1949ರ ಕಾನೂನು ಕಾಲುದಾರಿಗಳನ್ನು ಅಧಿಕೃತ ನಕ್ಷೆಗೆ ತಂದಿತು. ನೆರೆಯವನ ಗದ್ದೆಯ ಬದುವಿನ ಮೇಲೆ ನಡೆದುದಕ್ಕೆ ವ್ಯಾಜ್ಯವಾಗುವುದನ್ನು ಕಂಡು ಬೆಳೆದ ನನಗೆ, ಇಲ್ಲಿ ಕಾಲುದಾರಿ ತೋರಿಸುವ ಹಳದಿ ಬಾಣದ ಗುರುತಿನ ಮೇಲೆ ಅಪಾರ ಗೌರವವಿದೆ.

ಆದರೆ ನಕ್ಷೆಯಲ್ಲಿ ಹಕ್ಕು ಇದ್ದ ಮಾತ್ರಕ್ಕೆ ದಾರಿ ಇರುತ್ತದೆ ಎಂದಲ್ಲ. ಒಂದು ಆಗಸ್ಟಿನಲ್ಲಿ ಹಸಿರು ಗೀರು ಸೀದಾ ಮೆಕ್ಕೆಜೋಳದ ಹೊಲಕ್ಕೆ ಹೊಕ್ಕಿತು. ಬೆಳೆ ನನ್ನ ತಲೆಗಿಂತ ಎತ್ತರ, ದಾರಿಯ ಗುರುತೇ ಇಲ್ಲ. ಹೊಲದ ನಡುವಿನ ಕಾಲುದಾರಿಯನ್ನು ಉತ್ತ ಮೇಲೆ ಹದಿನಾಲ್ಕು ದಿನದೊಳಗೆ ಸರಿಪಡಿಸಿ, ಕನಿಷ್ಠ ಒಂದು ಮೀಟರ್ ಅಗಲ ಬಿಡುವುದು ರೈತನ ಹೊಣೆ. ಆ ಹೊಲದಲ್ಲಿ ಅದು ಆಗಿರಲಿಲ್ಲ. ಅಂಚು ಸುತ್ತಿ ಹೋಗಿ ಒಂದು ರೈಲು ತಪ್ಪಿತು, ಸಂಬಂಧಪಟ್ಟ ಕೌನ್ಸಿಲ್ಲಿಗೆ ಚಿತ್ರಸಮೇತ ಬರೆದೆ, ಮುಂದಿನ ವರ್ಷ ದಾರಿ ತೆರೆದಿತ್ತು. ಹಸುಗಳ ವಿಷಯದಲ್ಲಿಯೂ ನಮ್ಮವರು ಎಚ್ಚರವಾಗಿರಬೇಕು. ಹಟ್ಟಿಯ ಹಸುವಿನ ಮೈದಡವಿ ಬೆಳೆದವರು ಇಲ್ಲಿ ಕರುವಿರುವ ಮಂದೆಯ ನಡುವೆ ಹಾದುಹೋಗಬಾರದು. ಇವು ಮನುಷ್ಯರ ಒಡನಾಟವಿಲ್ಲದೆ ಬಯಲಲ್ಲಿ ಬೆಳೆಯುವ ಮಾಂಸದ ತಳಿಗಳು, ಕರುವಿಗಾಗಿ ಮೈಮೇಲೆ ಬಂದು ತುಳಿದ ಪ್ರಸಂಗಗಳು ಪ್ರತಿ ವರ್ಷ ವರದಿಯಾಗುತ್ತವೆ. ಅಮ್ಮನನ್ನು ತಡೆಯುವುದೇ ನನಗೆ ಕಷ್ಟವಾಗಿತ್ತು.

ಬುತ್ತಿಯಲ್ಲಿ ನಾನು ಮಾಡಿದ ಪ್ರಯೋಗಗಳು ಕಡಿಮೆಯಲ್ಲ. ಹಳ್ಳಿಯ ಪಬ್ಬಿನಲ್ಲಿ ಆರು ಜನ ಊಟ ಮಾಡಿದರೆ ನೂರು ಪೌಂಡು ದಾಟುತ್ತದೆ, ಮೇಲಾಗಿ ಸಸ್ಯಾಹಾರಿಗಳಿಗೆ ಆಯ್ಕೆ ಸೀಮಿತ. ಮೊಸರನ್ನ ಬೇಸಿಗೆಗೆ ಸರಿ; ಜನವರಿಯಲ್ಲಿ ಬಯಲಿನಲ್ಲಿ ಕುಳಿತು ಅದನ್ನು ತಿನ್ನಲಾಗದು. ಅಗಲ ಬಾಯಿಯ ಫ್ಲಾಸ್ಕಿಗೆ ಕುದಿನೀರು ಹಾಕಿ ಹತ್ತು ನಿಮಿಷ ಕಾಯಿಸಿ, ಚೆಲ್ಲಿ, ಬಿಸಿಬೇಳೆಬಾತ್ ತುಂಬಿದರೆ ಮಧ್ಯಾಹ್ನ ಒಂದಕ್ಕೂ ಹಬೆಯಾಡುತ್ತದೆ, ಆದರೆ ಮನೆಯಲ್ಲಿ ತಿನ್ನುವುದಕ್ಕಿಂತ ನೀರಾಗಿ ಮಾಡಿರಬೇಕು; ಇಲ್ಲವಾದರೆ ಚಮಚ ಇಳಿಯದಷ್ಟು ಗಟ್ಟಿಯಾಗುತ್ತದೆ. ಕಾಫಿಯನ್ನು ಬೆರೆಸಿ ಫ್ಲಾಸ್ಕಿಗೆ ಹಾಕಿದರೆ ಮೂರು ಗಂಟೆಯಲ್ಲಿ ಹಾಲು ವಾಸನೆ ಬರುತ್ತದೆ. ಸ್ಟ್ರಾಂಗಾದ ಡಿಕಾಕ್ಷನ್ನನ್ನು ಸುಡುಬಿಸಿಯಾಗಿ ಬೇರೆ ಒಯ್ದು, ಹಾಲನ್ನು ಅಲ್ಲೇ ಪುಟ್ಟ ಗ್ಯಾಸ್ ಒಲೆಯಲ್ಲಿ ಕಾಯಿಸುವುದೇ ಈಗ ನಮ್ಮ ಪದ್ಧತಿ. ಏಪ್ರಿಲ್‌ನಲ್ಲಿ ಕಾಡಿನ ನೆಲವನ್ನು ಹಾಸಿದಂತೆ ಬೆಳೆಯುವ ವೈಲ್ಡ್ ಗಾರ್ಲಿಕ್ (ಕಾಡು ಬೆಳ್ಳುಳ್ಳಿ) ಎಲೆಯಿಂದ ಅಮ್ಮ ತಂಬುಳಿ ಮಾಡಿದರು: ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ತೆಂಗಿನಕಾಯಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿ. ಅದಕ್ಕೆ ಅವರು ಹಾಕಿದ ಇನ್ನೊಂದು ವಸ್ತುವನ್ನು ನಾನು ಹೇಳುವುದಿಲ್ಲ, ಎಲೆ ಕೊಯ್ಯುವ ಕಾಡನ್ನೂ ಹೇಳುವುದಿಲ್ಲ. ಮನೆಬಳಕೆಗೆ ಕಾಡಿನ ಎಲೆ, ಹಣ್ಣು ಕೊಯ್ಯುವುದು ಇಲ್ಲಿ ಕಳವಲ್ಲ. ಬೇರು ಕೀಳಲು ನೆಲದ ಒಡೆಯರ ಒಪ್ಪಿಗೆ ಬೇಕು, ರಕ್ಷಿತ ತಾಣಗಳಲ್ಲಿ ಏನನ್ನೂ ಮುಟ್ಟಬಾರದು. ಅದೇ ಜಾಗದಲ್ಲಿ ವಿಷದ ಎಲೆಗಳೂ ಬೆಳೆಯುವುದರಿಂದ, ಮತ್ತು ಬೆಳ್ಳುಳ್ಳಿಯ ವಾಸನೆ ಕೈಗೆ ಅಂಟಿಕೊಂಡ ಮೇಲೆ ಮೂಸಿ ಗುರುತಿಸಲು ಆಗದಿರುವುದರಿಂದ, ಒಂದೊಂದೇ ಎಲೆಯನ್ನು ನೋಡಿ ಕೊಯ್ಯಬೇಕು.

ಬೂಟಿಗೆ ಮೊದಲು ಇಪ್ಪತ್ತೈದು ಪೌಂಡು ಕೊಟ್ಟು ಒಂದೇ ಚಳಿಗಾಲಕ್ಕೆ ಕಳೆದುಕೊಂಡು, ಬಳಿಕ ತೊಂಬತ್ತರ ಸುಮಾರಿನದು ಕೊಂಡೆ. ಅದು ಇನ್ನೂ ಬಾಳುತ್ತಿದೆ. ಮಕ್ಕಳ ಕಾಲು ಬೆಳೆಯುತ್ತಲೇ ಇರುವುದರಿಂದ ಅವರದನ್ನು ಚಾರಿಟಿ ಅಂಗಡಿಗಳಲ್ಲಿ ಐದಾರು ಪೌಂಡಿಗೆ ಕೊಳ್ಳುತ್ತೇವೆ. ಈಗ ಬೆಡ್ವಿನ್‌ವರೆಗಿನ ಒಂದು ದಿನಕ್ಕೆ ನಾಲ್ವರಿಗೆ ಎಲ್ಲ ಸೇರಿ ಮೂವತ್ತೈದು ಪೌಂಡಿನ ಆಸುಪಾಸು ಆಗುತ್ತದೆ. ಭಾನುವಾರ ಹಳಿ ದುರಸ್ತಿ ನಡೆದು ರೈಲಿನ ಬದಲು ಬಸ್ಸು ಬರುವ ಸಂಭವ ಹೆಚ್ಚು, ಆದ್ದರಿಂದ ನಮ್ಮ ದಿನ ಶನಿವಾರವೇ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಸೂರ್ಯ ಮುಳುಗುತ್ತದೆ. ಆಗ ಒಂದೇ ನಿಲ್ದಾಣದ ದೂರವನ್ನು ನಡೆದು ಎರಡೂವರೆಯೊಳಗೆ ಮುಗಿಸುತ್ತೇವೆ. ಹೊತ್ತು ಹೋಗುವುದು ದೂರದಿಂದಲ್ಲ, ಮಾತಿನಿಂದ. ಪಟ್ಟಣದಲ್ಲಿ ವರ್ಷಗಟ್ಟಲೆ ಒಂದೇ ಬೀದಿಯಲ್ಲಿದ್ದರೂ ತಲೆಯೆತ್ತದವರು ಕಾಲುದಾರಿಯಲ್ಲಿ ಎದುರಾದರೆ ನಿಂತು ಹವೆಯ ಬಗ್ಗೆ, ಮುಂದಿನ ಕೆಸರಿನ ಬಗ್ಗೆ ಹೇಳಿ ಹೋಗುತ್ತಾರೆ. ಎಲ್ಲಿ ದಾರಿ ಮುಳುಗಿದೆ, ಯಾವ ಪಬ್ಬಿನಲ್ಲಿ ಅಡುಗೆಮನೆ ಮುಚ್ಚಿದೆ ಎಂಬುದನ್ನು ನಾನು ಬಹುಪಾಲು ಹೀಗೆಯೇ ತಿಳಿದಿದ್ದೇನೆ.

ಆಗದ ಮಾತು ಎಂದಿದ್ದ ಗೆಳೆಯರು ಕಳೆದ ವಸಂತದಿಂದ ಕಾರು ಮನೆಯಲ್ಲಿ ಬಿಟ್ಟು ನಮ್ಮೊಂದಿಗೆ ಬರುತ್ತಿದ್ದಾರೆ. ಅವರಿಗೆ ಮಕ್ಕಳಿಲ್ಲ; ಮೂವರಿಂದ ಒಂಬತ್ತು ಜನ ದೊಡ್ಡವರು ಒಟ್ಟಿಗೆ ಹೊರಟರೆ ಗ್ರೂಪ್‌ಸೇವ್ ಎಂಬ ಗುಂಪಿನ ರಿಯಾಯಿತಿಯಲ್ಲಿ ಮೂರನೆಯ ಒಂದು ಭಾಗ ಕಡಿಮೆಯಾಗುತ್ತದೆ, ಅದಕ್ಕೆ ಕಾರ್ಡ್ ಕೊಳ್ಳಬೇಕಾಗಿಲ್ಲ. ಆದರೆ ಅದನ್ನು ರೈಲ್‌ಕಾರ್ಡಿನ ಜೊತೆ ಸೇರಿಸಲು ಬರುವುದಿಲ್ಲ. ಆದ್ದರಿಂದ ಎರಡು ಮನೆಯವರು ಸೇರಿ ಹೊರಡುವಾಗ ಯಾರು ಯಾವ ಲೆಕ್ಕದಲ್ಲಿ ಎಂಬುದನ್ನು ಶುಕ್ರವಾರ ರಾತ್ರಿಯೇ ಕುಳಿತು ತೀರ್ಮಾನಿಸಿ, ಟಿಕೆಟ್ಟುಗಳನ್ನು ಬೇರೆ ಬೇರೆಯಾಗಿ ಕೊಳ್ಳುತ್ತೇವೆ.